ಲ್ಯಾಪ್‌ಟಾಪ್ ಪರದೆಯ ವೈಟ್ ಪಾಯಿಂಟ್: 6500 ಕೆಲ್ವಿನ್‌ಗೆ ಹೊಂದಿಸಲೇಬೇಕೇ?

ಪ್ರಶ್ನೆ: ಮದುವೆ ಫೋಟೋ ತೆಗೆದು, ಲ್ಯಾಪ್‌ಟಾಪ್‌ನಲ್ಲೇ ಆಲ್ಬಂ ವಿನ್ಯಾಸ ಮಾಡಿ ಲ್ಯಾಬಿಗೆ ಕಳುಹಿಸುತ್ತೇನೆ. ಈಚೆಗೆ ಪರದೆಯ ಬಣ್ಣ ಅಳೆಯುವ ಕಲರಿಮೀಟರ್ ಕೊಂಡು, ವೈಟ್ ಪಾಯಿಂಟನ್ನು (ಪರದೆಯ ಬಿಳಿಯ ಛಾಯೆಯನ್ನು) 6500 ಕೆಲ್ವಿನ್‌ಗೆ ಹೊಂದಿಸಿದೆ. ಆಮೇಲಿನಿಂದ ಪರದೆ ಹಳದಿಯಾಗಿಯೂ ತುಸು ಮಂಕಾಗಿಯೂ ಕಾಣುತ್ತಿದೆ. ಪಕ್ಕದ ಮಾನಿಟರಿಗೂ ಅದೇ ಅಂಕಿ ಕೊಟ್ಟಿದ್ದೇನೆ, ಆದರೂ ಎರಡರ ಬಿಳುಪು ಬೇರೆಬೇರೆ. ಲ್ಯಾಬಿನವರು 5000 ಇಡಿ ಎನ್ನುತ್ತಾರೆ. ಉಪಕರಣವೇ ಕೆಟ್ಟಿದೆಯೇ? ಯಾವ ಅಂಕಿ ಸರಿ?

ಉತ್ತರ: ಉಪಕರಣ ಕೆಟ್ಟಿರುವ ಸಾಧ್ಯತೆ ಕಡಿಮೆ. ನೀವು ಹೇಳಿದ ಹಳದಿ ಛಾಯೆಗೆ ಬಹುಮಟ್ಟಿಗೆ ಕಣ್ಣಿನ ರೂಢಿಯೇ ಕಾರಣ. ಕೆಲ್ವಿನ್ ಅಂಕಿ ಏರಿದಷ್ಟೂ ಬಿಳುಪು ನೀಲಿಯಾಗುತ್ತದೆ, ಇಳಿದಷ್ಟೂ ಹಳದಿಯಾಗುತ್ತದೆ. ಹಲವು ಲ್ಯಾಪ್‌ಟಾಪ್ ಪರದೆಗಳ ಸಹಜ ಬಿಳುಪು ನೀಲಿಯ ಕಡೆಗೆ ವಾಲಿರುತ್ತದೆ, ಅದನ್ನೇ ದಿನವೂ ನೋಡಿದ ಕಣ್ಣಿಗೆ ಸರಿಯಾದ ಬಿಳಿ ಹಳದಿಯೆನಿಸುತ್ತದೆ. ಅರ್ಧ ಗಂಟೆ ಕೆಲಸ ಮಾಡಿ, ಆಮೇಲೆ ಹಳೆಯ ಸೆಟ್ಟಿಂಗಿಗೆ ಮರಳಿ ನೋಡಿ. ಆಗ ಅದೇ ನೀಲಿಯಾಗಿ ಕಾಣುತ್ತದೆ. ಆದರೆ ಮಂಕಾದದ್ದು ಮಾತ್ರ ಭ್ರಮೆಯಲ್ಲ.

ಬಿಡಿ ಮಾನಿಟರಿನಲ್ಲಿ ಕೆಂಪು, ಹಸಿರು, ನೀಲಿಗಳನ್ನು ಪ್ರತ್ಯೇಕವಾಗಿ ಏರಿಳಿಸುವ ಮೆನು ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನಮ್ಮ ಕೈಗೆ ಸಿಗುವುದು ಪರದೆಯ ಹಿಂದಿನ ದೀಪವಾದ ಬ್ಯಾಕ್‌ಲೈಟಿನ ಬ್ರೈಟ್‌ನೆಸ್ ಒಂದೇ ಆದ್ದರಿಂದ, ತಂತ್ರಾಂಶವು ವೈಟ್ ಪಾಯಿಂಟನ್ನು ಗ್ರಾಫಿಕ್ಸ್ ಕಾರ್ಡಿನ ಕೋಷ್ಟಕದಲ್ಲಿ (ಪ್ರತಿ ಬಣ್ಣವನ್ನು ಪರದೆಗೆ ಎಷ್ಟು ಕಳುಹಿಸಬೇಕೆಂಬ ಪಟ್ಟಿಯಲ್ಲಿ) ತಿದ್ದಬೇಕಾಗುತ್ತದೆ. ಪರದೆ ಈಗಾಗಲೇ ಕೊಡುತ್ತಿರುವ ಗರಿಷ್ಠ ಕೆಂಪನ್ನು ಇನ್ನಷ್ಟು ಹೆಚ್ಚಿಸಲು ಬಾರದು, ಹಾಗಾಗಿ ಉಳಿದೆರಡನ್ನು ತಗ್ಗಿಸುವುದೊಂದೇ ದಾರಿ. ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣವ್ಯಾಪ್ತಿಯ, ಗಾಮಾ (ಕಪ್ಪಿನಿಂದ ಬಿಳಿಯವರೆಗೆ ಬೆಳಕು ಏರುವ ಕ್ರಮ) 2.2 ಇರುವ ಒಂದು ಪರದೆಯ ಸಹಜ ಬಿಳುಪು 7200 ಕೆಲ್ವಿನ್ ಎಂದಿಟ್ಟುಕೊಳ್ಳೋಣ. ಅದನ್ನು 6500ಕ್ಕೆ ತರಬೇಕಾದರೆ ಕೆಂಪು ಗರಿಷ್ಠ ಮಟ್ಟವಾದ 255ರಲ್ಲೇ ಉಳಿದು, ಹಸಿರು ಸುಮಾರು 248ಕ್ಕೂ ನೀಲಿ ಸುಮಾರು 238ಕ್ಕೂ ಇಳಿಯುತ್ತವೆ. ಬೆಳಕು ಶೇ 5ರಷ್ಟು ಕಡಿಮೆಯಾಗುತ್ತದೆ. ಅದೇ ಪರದೆಯನ್ನು 5000ಕ್ಕೆ ತಂದರೆ ಹಸಿರು 228, ನೀಲಿ 191ರ ಆಸುಪಾಸಿಗೆ ಬಂದು, ಬೆಳಕಿನಲ್ಲಿ ಸುಮಾರು ಶೇ 19 ಹೋಗುತ್ತದೆ. ಕಪ್ಪು ಇದ್ದಲ್ಲೇ ಇರುವುದರಿಂದ ಕಾಂಟ್ರಾಸ್ಟ್ ಕೂಡ ಅಷ್ಟೇ ಪ್ರಮಾಣದಲ್ಲಿ ಕುಸಿಯುತ್ತದೆ. ಬ್ಯಾಕ್‌ಲೈಟ್ ಏರಿಸಿ ಬೆಳಕನ್ನು ಮರಳಿ ಪಡೆಯಬಹುದು, ಕಳೆದುಹೋದ ಬಣ್ಣದ ಮೆಟ್ಟಿಲುಗಳನ್ನು ಪಡೆಯಲಾಗದು. ಫೋಟೋದಲ್ಲಿ ಮಂಟಪದ ಹಿಂದಿನ ಬಟ್ಟೆಯ ಮೇಲೆ ನಯವಾಗಿ ಹರಡಬೇಕಾದ ನೆರಳು ಪಟ್ಟಿಪಟ್ಟಿಯಾಗಿ ಕಂಡರೆ ಅದಕ್ಕೆ ಇದೂ ಒಂದು ಕಾರಣವಿರಬಹುದು.

ಆದ್ದರಿಂದ ನನ್ನ ಸಲಹೆ ಇದು: ಮೊದಲು ಏನನ್ನೂ ತಿದ್ದದೆ ಪರದೆಯ ಸಹಜ ಬಿಳುಪನ್ನು ಅಳೆಯಿರಿ. ಕೆಲ್ವಿನ್ ಅಂಕಿಯನ್ನಷ್ಟೇ ನೋಡಿ ತೀರ್ಮಾನಿಸಬೇಡಿ, ಏಕೆಂದರೆ ಅದು ಹಳದಿ-ನೀಲಿಗಳ ನಡುವಿನ ಸ್ಥಾನವನ್ನು ಹೇಳುತ್ತದೆಯೇ ಹೊರತು ಬಿಳುಪು ಹಸಿರಿಗೋ ಗುಲಾಬಿಗೋ ವಾಲಿರುವುದನ್ನು ಹೇಳುವುದಿಲ್ಲ. ಬಣ್ಣದ ನಕ್ಷೆಯಲ್ಲಿ ಬಿಳುಪಿನ ಸ್ಥಾನವನ್ನು ತೋರಿಸುವ ಎಕ್ಸ್ ಮತ್ತು ವೈ ಬೆಲೆಗಳನ್ನು ನೋಡಿ; ಡಿ65 ಎಂಬ, ಸುಮಾರು 6500 ಕೆಲ್ವಿನ್‌ನ ಮಾನಕ ಬಿಳುಪಿಗೆ ಅವು 0.3127 ಮತ್ತು 0.3290. ನಿಮ್ಮ ಪರದೆ ಇದರ ಹತ್ತಿರವೇ ಇದ್ದರೆ ವೈಟ್ ಪಾಯಿಂಟ್ ಆಯ್ಕೆಯಲ್ಲಿ ‘ನೇಟಿವ್’ ಎಂದು ಕೊಟ್ಟು, ಗಾಮಾ ತಿದ್ದುಪಡಿ ಮತ್ತು ಐಸಿಸಿ ಪ್ರೊಫೈಲ್ (ಪರದೆಯ ಬಣ್ಣಗಳನ್ನು ತಂತ್ರಾಂಶಗಳಿಗೆ ವಿವರಿಸುವ ಕಡತ) ಮಾತ್ರ ಮಾಡಿಸಿಕೊಳ್ಳಿ. ಫೋಟೋ ತಂತ್ರಾಂಶಗಳು ಸಾಮಾನ್ಯವಾಗಿ ಚಿತ್ರದ ಬಿಳಿಯನ್ನು ಪರದೆಯ ಬಿಳಿಗೇ ಜೋಡಿಸಿ ಉಳಿದ ಬಣ್ಣಗಳನ್ನು ಲೆಕ್ಕ ಹಾಕುವುದರಿಂದ, ಸಣ್ಣ ವ್ಯತ್ಯಾಸದಿಂದ ಆಲ್ಬಮ್ಮಿಗೆ ನಷ್ಟವಿಲ್ಲ. ಬಿಳುಪು 7000 ದಾಟಿದ್ದರೆ ಅಥವಾ ಸ್ಪಷ್ಟವಾಗಿ ಹಸಿರಾಗಿದ್ದರೆ ಮೇಲೆ ಹೇಳಿದಷ್ಟು ಬೆಳಕು ಕಳೆದುಕೊಂಡರೂ 6500ಕ್ಕೆ ತರುವುದು ಸೂಕ್ತ.

ಲ್ಯಾಬಿನವರ 5000ಕ್ಕೂ ಆಧಾರವಿದೆ: ಮುದ್ರಿತ ಪ್ರತಿಗಳನ್ನು ಪರೀಕ್ಷಿಸುವ ಬೆಳಕಿಗೆ ಐಎಸ್‌ಒ 3664 ಮಾನಕವು ಡಿ50ಯನ್ನು, ಅಂದರೆ ಸುಮಾರು 5000 ಕೆಲ್ವಿನ್‌ನ ಬಿಳುಪನ್ನು, ಗೊತ್ತುಮಾಡಿದೆ. ಪರದೆಯ ಪಕ್ಕದಲ್ಲೇ ಅಂಥ ದೀಪದಡಿ ಪ್ರಿಂಟ್ ಹಿಡಿದು ಹೋಲಿಸುವವರಿಗೆ ಅದು ಹೊಂದುತ್ತದೆ. ಸಾಧಾರಣ ಟ್ಯೂಬ್‌ಲೈಟಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಪರದೆಯ ಐದನೇ ಒಂದು ಪಾಲು ಬೆಳಕನ್ನು ಅದಕ್ಕಾಗಿ ಕಳೆಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಅಳತೆಯನ್ನು ನಂಬುವ ಮೊದಲು ತಂತ್ರಾಂಶದಲ್ಲಿ ಬ್ಯಾಕ್‌ಲೈಟಿನ ಬಗೆಯನ್ನು ಸರಿಯಾಗಿ ಆರಿಸಿದ್ದೀರಾ ನೋಡಿ. ಕಲರಿಮೀಟರ್ ಬಣ್ಣದ ಫಿಲ್ಟರುಗಳ ಮೂಲಕ ಅಳೆಯುವ ಸಾಧನ. ಸಾಧಾರಣ ಬಿಳಿ ಎಲ್‌ಇಡಿ, ಹೆಚ್ಚು ಬಣ್ಣವ್ಯಾಪ್ತಿಯ ಎಲ್‌ಇಡಿ ಮತ್ತು ಒಎಲ್‌ಇಡಿಗಳ ಬೆಳಕಿನ ರಚನೆ ಬೇರೆಬೇರೆಯಾದ್ದರಿಂದ ಪ್ರತಿಯೊಂದಕ್ಕೂ ಬೇರೆ ತಿದ್ದುಪಡಿ ಬೇಕು. ತಪ್ಪು ಬಗೆಯನ್ನು ಆರಿಸಿದರೆ ಅಂಕಿ 6500 ಎಂದೇ ತೋರಿಸುತ್ತದೆ, ಪರದೆ ಮಾತ್ರ ಹಸಿರೋ ಗುಲಾಬಿಯೋ ಆಗಿರುತ್ತದೆ. ಅಳೆಯುವಾಗ ಚಾರ್ಜರ್ ಹಾಕಿರಲಿ, ಪರದೆ ಅರ್ಧ ಗಂಟೆ ಉರಿದಿರಲಿ. ನೈಟ್ ಲೈಟ್, ತಾನೇ ಬ್ರೈಟ್‌ನೆಸ್ ಬದಲಿಸುವ ಸೌಲಭ್ಯ, ಬ್ಯಾಟರಿ ಉಳಿಸಲು ಕಾಂಟ್ರಾಸ್ಟ್ ತಿದ್ದುವ ಸೌಲಭ್ಯ ಎಲ್ಲವನ್ನೂ ಆಫ್ ಮಾಡಿಡಿ. ಮುಂದೆ ಕೆಲಸವನ್ನೂ ಅಳೆದ ಬ್ರೈಟ್‌ನೆಸ್‌ನಲ್ಲೇ ಮಾಡಿ.

ಇನ್ನು ಪಕ್ಕದ ಮಾನಿಟರ್. ಅಂಕಿ ಒಂದೇ ಆದರೂ ಬಿಳುಪು ಬೇರೆಯಾಗಿ ಕಾಣುವುದಕ್ಕೆ ಬ್ಯಾಕ್‌ಲೈಟಿನ ತಪ್ಪು ಆಯ್ಕೆ ಒಂದು ಕಾರಣ. ಅದನ್ನು ಸರಿಪಡಿಸಿದ ಮೇಲೂ ವ್ಯತ್ಯಾಸ ಉಳಿಯಬಹುದು, ಏಕೆಂದರೆ ಈ ಅಂಕಿಗಳೆಲ್ಲ 1931ರಲ್ಲಿ ಸಿಐಇ ಎಂಬ ಅಂತರರಾಷ್ಟ್ರೀಯ ಬೆಳಕು-ಬಣ್ಣ ಮಾನಕ ಸಂಸ್ಥೆ ನಿಗದಿಪಡಿಸಿದ ಒಬ್ಬ ಸರಾಸರಿ ವೀಕ್ಷಕನ ಕಣ್ಣಿನ ಲೆಕ್ಕದವು, ನಿಮ್ಮ ಕಣ್ಣಿನವಲ್ಲ. ಇಲ್ಲಿ ಕಣ್ಣನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಿ. ಲ್ಯಾಪ್‌ಟಾಪನ್ನು ಹಾಗೆಯೇ ಬಿಟ್ಟು, ಎರಡರಲ್ಲೂ ಖಾಲಿ ಬಿಳಿ ಪುಟ ತೆರೆದು ಬ್ರೈಟ್‌ನೆಸ್ ಸಮ ಮಾಡಿ. ಬಿಳುಪು ಒಂದಾಗಿ ಕಾಣುವವರೆಗೆ ಮಾನಿಟರಿನ ಮೆನುವಿನಲ್ಲಿ ಮೂರು ಬಣ್ಣಗಳನ್ನು ಸರಿಹೊಂದಿಸಿ, ಆಗ ಮಾನಿಟರಿನ ಎಕ್ಸ್-ವೈ ಅಳೆದು, ಅದನ್ನೇ ಮಾನಿಟರಿನ ಗುರಿಯಾಗಿ ಕೊಟ್ಟು ಕ್ಯಾಲಿಬ್ರೇಷನ್ ನಡೆಸಿ. ತಿದ್ದಲು ಮೆನು ಇರುವುದನ್ನು ಇಲ್ಲದಿರುವುದಕ್ಕೆ ಹೊಂದಿಸುವುದು ಸುಲಭ. ಎರಡು ಪರದೆಗಳಿಗೂ ಪ್ರತ್ಯೇಕ ಪ್ರೊಫೈಲ್ ಇರಬೇಕು. ಲ್ಯಾಪ್‌ಟಾಪ್ ಸ್ಲೀಪ್‌ನಿಂದ ಎದ್ದಾಗ ಬಿಳುಪು ಥಟ್ಟನೆ ನೀಲಿಗೆ ತಿರುಗಿದ್ದರೆ ಗ್ರಾಫಿಕ್ಸ್ ಕಾರ್ಡಿನ ಕೋಷ್ಟಕ ಅಳಿಸಿಹೋಗಿದೆ ಎಂದರ್ಥ. ಮತ್ತೆ ಅಳೆಯುವ ಅಗತ್ಯವಿಲ್ಲ, ಕ್ಯಾಲಿಬ್ರೇಷನ್ ತಂತ್ರಾಂಶದ ಲೋಡರ್‌ನಿಂದ ಅದೇ ಪ್ರೊಫೈಲನ್ನು ಮರಳಿ ಹಾಕಿದರಾಯಿತು.