ಕ್ಲೈಂಟ್‌ಗೆ ಸ್ಕ್ರೀನ್‌ಶಾಟ್ ಬದಲು ಒತ್ತಿ ನೋಡುವಂಥ ಪ್ರೋಟೋಟೈಪ್ ಕಳಿಸೋದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಜಮಖಂಡಿಯಲ್ಲಿ ಕೂತು ಅಂಗಡಿ-ವ್ಯಾಪಾರದವರಿಗೆ ಆ್ಯಪ್ ಡಿಸೈನ್ ಮಾಡ್ತೀರಿ. ಇಪ್ಪತ್ತು ಸ್ಕ್ರೀನ್‌ಶಾಟ್ ವಾಟ್ಸಾಪ್‌ಗೆ ಹಾಕ್ತೀರಿ. ಅವರು ಮೂರನೆಯದರವರೆಗೆ ನೋಡಿ ‘ಚಲೋ ಐತ್ರಿ’ ಅಂತಾರೆ. ಡೆವಲಪರ್ ಎಲ್ಲ ಕಟ್ಟಿದ ಮೇಲೆ ‘ನಾವು ಹೇಳಿದ್ದು ಹಿಂಗಲ್ರಿ’ ಅಂತಾರೆ. ಹಳೇ ಯೂಟ್ಯೂಬ್ ವಿಡಿಯೋದಲ್ಲಿ ಇನ್‌ವಿಷನ್, ಎಕ್ಸ್‌ಡಿ ಅಂತ ಪ್ರೋಟೋಟೈಪ್ ಮಾಡುವ ಟೂಲ್ ತೋರಿಸ್ತಾರೆ, ಹುಡುಕಿದರೆ ಸಿಗ್ತಿಲ್ಲ. ಏನು ಹಿಡೀಲಿ, ಲಿಂಕ್ ಬೇರೆಯವರ ಕೈಗೆ ಹೋದರೆ ಏನು ಗತಿ, ದುಡ್ಡು ಯಾವಾಗ ಕೇಳಲಿ?

ನಾನು ಬಾಗಲಕೋಟೆ ನವನಗರದಲ್ಲಿ ಮನೆಯಿಂದಲೇ ಇದೇ ಕೆಲಸ ಮಾಡುವವನು. ಕೆಲವು ವರ್ಷ ನಿಮ್ಮ ಹಾಗೆಯೇ ಸ್ಕ್ರೀನ್‌ಶಾಟ್ ಕಳಿಸಿದವನೂ ಹೌದು.

ಟೂಲ್ ವಿಷಯ ಬೇಗ ಮುಗಿಸ್ತೀನಿ. ಇನ್‌ವಿಷನ್ 2024ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು, ಅದಕ್ಕೇ ಸಿಗ್ತಿಲ್ಲ. ಎಕ್ಸ್‌ಡಿಯನ್ನು ಅಡೋಬಿ 2023ರಿಂದ ಬಿಡಿಯಾಗಿ ಮಾರೋದು ನಿಲ್ಲಿಸಿದೆ. 2022ರಲ್ಲಿ ಅದೇ ಅಡೋಬಿ 2,000 ಕೋಟಿ ಡಾಲರ್ ಕೊಟ್ಟು ಫಿಗ್ಮಾ ಅನ್ನುವ ಡಿಸೈನ್ ಟೂಲಿನ ಕಂಪನಿಯನ್ನೇ ಕೊಳ್ಳಲು ಹೊರಟಿತ್ತು. ಮರುವರ್ಷ ಡಿಸೆಂಬರ್‌ನಲ್ಲಿ ಆ ವ್ಯವಹಾರ ಮುರಿದುಬಿತ್ತು. ಈಗ ಹೊಸದಾಗಿ ಶುರುಮಾಡುವವರು ಫಿಗ್ಮಾ ಹಿಡಿಯೋದೇ ಸರಿ. ಬ್ರೌಸರ್‌ನಲ್ಲೇ ನಡೆಯುತ್ತೆ, ನೋಡುವವರು ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬರೀ ನೋಡೋಕೆ ಖಾತೆಯೂ ಬೇಡ. ಎಲ್ಲವೂ ನಮ್ಮದೇ ಸರ್ವರ್‌ನಲ್ಲಿ ಇರಬೇಕು ಅನ್ನುವ ಕ್ಲೈಂಟ್ ಸಿಕ್ಕರೆ ಪೆನ್‌ಪಾಟ್ ನೋಡಿ, ಅದು ಓಪನ್ ಸೋರ್ಸ್, ನಮ್ಮ ಸರ್ವರ್‌ನಲ್ಲೇ ಹಾಕಿ ನಡೆಸಬಹುದು. ‘ಈ ಉತ್ತರ ಕೊಟ್ಟರೆ ಆ ಪುಟ, ಆ ಉತ್ತರ ಕೊಟ್ಟರೆ ಈ ಪುಟ’ ಅಂತ ಉದ್ದುದ್ದ ಅರ್ಜಿ ಫಾರ್ಮ್ ಇರುವ ಕೆಲಸಕ್ಕೆ ಆಕ್ಷರ್ ವಾಸಿ. ಅದರಿಂದ ಎಚ್‌ಟಿಎಂಎಲ್ ಫೈಲುಗಳನ್ನೇ ಹೊರಗೆ ತೆಗೆದು ನಿಮ್ಮ ಹತ್ತಿರ ಇಟ್ಕೋಬಹುದು.

ಇನ್ನು ನಿಮ್ಮ ಹಳೇ ವಿಡಿಯೋದವರು ಹೇಳದ ಮಾತು. ಕ್ಲೌಡ್ ಲಿಂಕ್ ಅನ್ನೋದು ಕಳಿಸಿದ ಫೋಟೋ ಅಲ್ಲ, ಕಿಟಕಿ. ನೀವು ಒಳಗೆ ಏನು ಮಾಡಿದರೂ ಆಚೆ ನಿಂತವರಿಗೆ ಆಗಲೇ ಕಾಣುತ್ತೆ. ಇದು ನನಗೆ ತಿಳಿದದ್ದು ಒಂದು ಸೀರೆ ಅಂಗಡಿಯಿಂದ.

ಇಳಕಲ್ಲಿನ ಅಂಗಡಿ ಅದು, ಮನೆಮಂದಿಯೆಲ್ಲ ಸೇರಿ ನಡೆಸ್ತಾರೆ. ಆ್ಯಪ್‌ನಲ್ಲಿ ಸೀರೆ ಆರಿಸಿದ ಮೇಲೆ ದಡಿ ಆರಿಸುವ ಒಂದು ಪುಟ ಇತ್ತು: ಚಿಕ್ಕಿ, ಗೋಮಿ, ಜರಿ, ಗಾಡಿ ದಡಿ ಅಂತ ನಾಲ್ಕು ಚಿತ್ರ, ಒಂದನ್ನು ಒತ್ತಿದರೆ ಮೇಲೆ ಸೀರೆಯ ದಡಿ ಬದಲಾಗಬೇಕು. ಲಿಂಕ್ ಕಳಿಸಿ ಎರಡು ದಿನ ಆಗಿತ್ತು, ಉತ್ತರ ಇಲ್ಲ. ನೋಡಿಲ್ಲ ಅಂದುಕೊಂಡು ಒಂದು ಸಂಜೆ ಆ ಪುಟವನ್ನೇ ಕಿತ್ತು ಮತ್ತೆ ಮಾಡಲು ಕೂತೆ. ಹತ್ತು ನಿಮಿಷಕ್ಕೆ ಫೋನ್ ಬಂತು.

“ತಮ್ಮಾ, ದಡಿ ಹಾಳಿ ಎಲ್ಲಿ ಹೋತೋ? ಈಗ ಇತ್ತಲ್ಲೋ ಇಲ್ಲೇ!”

“ಸಾವಕಾರ್ರ, ನೀವು ಈಗ ನೋಡಾಕತ್ತೀರೇನ್ರೀ?”

“ನೋಡಾಕತ್ತೀನಂದ್ರ? ಅಂಗಡ್ಯಾಗ ಮಂದಿ ಕುಂತಾರ, ಸೊಸಿಗೆ ತೋರಸಾಕತ್ತೇನಿ. ಚಿಕ್ಕಿ ಒತ್ತಿದ್ನಿ, ಬರೇ ಬಿಳಿ ಆತು!”

ನಾನು ಇಲ್ಲಿ ಅಳಿಸಿದ್ದು ಅಲ್ಲಿ ಅವರ ಕೈಯಲ್ಲಿದ್ದ ಫೋನಿನಿಂದ ಮಾಯ ಆಗಿತ್ತು. ‘ನಿನ್ನ ಆ್ಯಪ್ ತಾನs ಅಳಿಸಿಕೋತ ಹೊಂಟೈತಿ’ ಅಂತ ಅವರು ಇವತ್ತಿಗೂ ಆಡಿಕೊಳ್ತಾರೆ. ಅವತ್ತು ಎಷ್ಟು ಹೇಳಿದರೂ ಇದು ಆ್ಯಪ್ ಅಲ್ಲ, ಆ್ಯಪ್‌ನ ನಕಾಶೆ ಅಂತ ಅವರಿಗೆ ಒಪ್ಪಿಸಲು ಆಗಲಿಲ್ಲ. ಅವರದೂ ತಪ್ಪಿಲ್ಲ. ಒತ್ತಿದರೆ ಪುಟ ತಿರುಗುತ್ತೆ ಅಂದಮೇಲೆ ಅದು ಆ್ಯಪೇ. ಅವರ ತಮ್ಮ ಅದರಲ್ಲಿ ‘ಆರ್ಡರ್ ಮಾಡಿ’ ಒತ್ತಿ, ಆರ್ಡರ್ ಯಾವಾಗ ಬರ್ತದೆ ಅಂತ ಸಂಜೆತನಕ ಕಾದಿದ್ದರಂತೆ. ಅವತ್ತಿನಿಂದ ನನ್ನ ಪ್ರತಿ ಪ್ರೋಟೋಟೈಪ್‌ನ ಮೊದಲ ಪುಟದಲ್ಲಿ ದೊಡ್ಡಕ್ಷರದಲ್ಲಿ ಒಂದು ಸಾಲು ಇರುತ್ತೆ: ‘ಇದು ಮಾದರಿ. ಇಲ್ಲಿ ಒತ್ತಿದ ಆರ್ಡರ್ ಎಲ್ಲಿಗೂ ಹೋಗುವುದಿಲ್ಲ.’

ಈಗ ನಾನು ಎರಡು ಫೈಲ್ ಇಡ್ತೀನಿ. ಒಂದು ಕೆಲಸದ್ದು, ಅದರಲ್ಲಿ ನಾನು ಏನು ಬೇಕಾದರೂ ಕೆಡವ್ತೀನಿ. ಇನ್ನೊಂದು ತೋರಿಸುವುದು. ಕ್ಲೈಂಟ್‌ಗೆ ಹೋಗುವ ಲಿಂಕ್ ಎರಡನೆಯದರದ್ದು ಮಾತ್ರ. ತಿದ್ದುಪಡಿ ಪೂರ್ತಿ ಮುಗಿದ ಮೇಲೆ, ಅವರಿಗೆ ಫೋನ್ ಮಾಡಿ ಹೇಳಿ, ಹೊಸ ಪುಟಗಳನ್ನು ಅಲ್ಲಿಗೆ ತಂದು ಹಾಕ್ತೀನಿ. ಇಲ್ಲೊಂದು ಸೂಕ್ಷ್ಮ ಇದೆ. ಪ್ರೋಟೋಟೈಪ್ ಲಿಂಕ್‌ನ ಒಳಗೇ ಆರಂಭದ ಪುಟದ ಗುರುತು ಸೇರಿಕೊಂಡಿರುತ್ತೆ. ಆ ಮೊದಲ ಪುಟವನ್ನೇ ಅಳಿಸಿ ಹೊಸದು ಇಟ್ಟರೆ ಹಳೇ ಲಿಂಕ್ ಸತ್ತ ಹಾಗೆ. ಮೊದಲ ಪುಟದ ಒಳಗೆ ಏನು ಬೇಕಾದರೂ ಬದಲಿಸಿ, ಪುಟವನ್ನು ಮಾತ್ರ ಅಲ್ಲೇ ಬಿಡಿ. ಹಾಗೆ ಮಾಡಿದರೆ ಮೂರು ತಿಂಗಳ ಕೆಲಸಕ್ಕೂ ಒಂದೇ ಲಿಂಕ್ ಸಾಕು. ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಅಂತ ವಾಟ್ಸಾಪ್‌ನಲ್ಲಿ ಸಾಲು ನಿಲ್ಲೋದಿಲ್ಲ. ಪುಟಗಳನ್ನು ಕಾಪಿ ಮಾಡುವಾಗ ಒಟ್ಟಿಗೇ ಆರಿಸಿ ಮಾಡಿ. ಒಂದೊಂದಾಗಿ ಎತ್ತಿದರೆ ಪುಟದಿಂದ ಪುಟಕ್ಕೆ ಒಯ್ಯುವ ಬಾಣಗಳು ಕಳಚಿಕೊಳ್ತವೆ, ಮತ್ತೆ ಜೋಡಿಸುತ್ತ ಕೂರಬೇಕು.

ಲಿಂಕ್ ಬೇರೆಯವರ ಕೈಗೆ ಸಿಕ್ಕರೆ ಅಂತ ಕೇಳಿದ್ದೀರಿ. ಸಿಕ್ಕೇ ಸಿಗುತ್ತೆ ಅಂತ ಇಟ್ಕೊಂಡೇ ಕೆಲಸ ಮಾಡಿ. ‘ಲಿಂಕ್ ಇದ್ದವರು ಯಾರಾದರೂ ನೋಡಬಹುದು’ ಅಂತ ಬಿಟ್ಟರೆ ಅದು ಅಳಿಯ, ಬೀಗರು, ಅಕೌಂಟೆಂಟ್ ಎಲ್ಲರ ಫೋನ್ ಸುತ್ತಿ ಬರುತ್ತೆ. ಅಷ್ಟೇ ಅಲ್ಲ, ನೋಡುವ ಅನುಮತಿ ಇದ್ದವರು ಪ್ರೋಟೋಟೈಪ್ ದಾಟಿ ಹಿಂದಿನ ಫೈಲ್ ಒಳಗೂ ಇಣುಕಬಹುದು. ಪ್ರೋಟೋಟೈಪ್ ಮಾತ್ರ ಕಾಣುವಂತೆ ಕಟ್ಟಿಹಾಕೋದು, ಪಾಸ್‌ವರ್ಡ್ ಹಾಕೋದು ದುಡ್ಡು ಕಟ್ಟುವ ಪ್ಲಾನ್‌ನಲ್ಲಿ ಸಿಗುತ್ತೆ. ನಾನು ಒಮ್ಮೆ ಪುಕ್ಕಟೆ ಪ್ಲಾನ್‌ನಲ್ಲಿದ್ದಾಗ, ಫೈಲ್‌ನ ಒಂದು ಪೇಜಿಗೆ ‘ಇವರಿಗೆ ಕೆಂಪು ಬಿಟ್ಟು ಬೇರೆ ಬಣ್ಣ ತಿಳಿಯಲ್ಲ’ ಅಂತ ಸಿಟ್ಟಿನಲ್ಲಿ ಹೆಸರಿಟ್ಟಿದ್ದೆ. ಕ್ಲೈಂಟ್‌ನ ಮಗ ಕಾಲೇಜು ಹುಡುಗ, ಲಿಂಕ್ ಹಿಡಿದು ಒಳಗೆ ಹೋಗಿ ಓದಿ ಅಪ್ಪನಿಗೂ ತೋರಿಸಿದ. ಮುಂದಿನ ಮೀಟಿಂಗ್‌ನಲ್ಲಿ ಚಹಾ ಬಂತು, ಮಾತು ಬರಲಿಲ್ಲ. ತೋರಿಸುವ ಫೈಲ್ ಬೇರೆ ಇಟ್ಟರೆ ಈ ತಾಪತ್ರಯವೂ ತಪ್ಪುತ್ತೆ. ಮಾದರಿಗೆ ಅಂತ ಕ್ಲೈಂಟ್‌ನ ಬಿಲ್ ಪುಸ್ತಕದಿಂದ ನಿಜವಾದ ಗಿರಾಕಿಗಳ ಹೆಸರು, ಫೋನ್ ನಂಬರ್ ಎತ್ತಿ ಹಾಕಬೇಡಿ.

ಕಂಪ್ಯೂಟರ್‌ನಲ್ಲಿ ನೋಡಿ ಕಳಿಸಬೇಡಿ. ನಮ್ಮ ಕಡೆಯ ಕ್ಲೈಂಟ್‌ಗಳು ತೊಂಬತ್ತು ಪಾಲು ಫೋನ್‌ನಲ್ಲೇ ತೆಗೀತಾರೆ, ಅದೂ ಗ್ಯಾಲರಿ ತುಂಬಿ ಉಸಿರು ಕಟ್ಟಿದ ಫೋನ್‌ನಲ್ಲಿ. ಸೀರೆ ಫೋಟೋಗಳನ್ನು ಕ್ಯಾಮೆರಾದಿಂದ ಬಂದ ಹಾಗೇ ಹಾಕಿದ್ದಾಗ ಲಿಂಕ್ ತೆರೆದುಕೊಳ್ಳುವಷ್ಟರಲ್ಲಿ ಸಾವಕಾರ್ರು ಫೋನ್ ಜೇಬಿಗಿಟ್ಟಿದ್ದರು. ಈಗ ಚಿತ್ರಗಳನ್ನು ಫೋನ್ ಅಗಲಕ್ಕೆ ಇಳಿಸಿಯೇ ಹಾಕ್ತೀನಿ, ಒಂದು ಲಿಂಕ್‌ಗೆ ಹನ್ನೆರಡು-ಹದಿನೈದು ಪುಟ ದಾಟಿಸಲ್ಲ. ಜೊತೆಗೆ ನಾನೇ ಒತ್ತಿ ತೋರಿಸಿದ ನಲವತ್ತು ಸೆಕೆಂಡಿನ ಸ್ಕ್ರೀನ್ ರೆಕಾರ್ಡಿಂಗ್ ಒಂದನ್ನು ಕಳಿಸ್ತೀನಿ. ನೆಟ್‌ವರ್ಕ್ ಕೈಕೊಟ್ಟರೂ ಅದು ಓಡುತ್ತೆ. ಮುಂದೆ ಇನ್‌ವಿಷನ್‌ಗೆ ಬಂದ ಗತಿ ಇನ್ಯಾವುದಕ್ಕಾದರೂ ಬಂದರೆ ಆ ರೆಕಾರ್ಡಿಂಗೇ ನನ್ನ ಹತ್ತಿರ ಉಳಿಯೋದು. ಖಾಲಿ ಜಾಗ ಒತ್ತಿದಾಗ ನೀಲಿ ಚೌಕಗಳು ಮಿಂಚ್ತವೆ, ಎಲ್ಲಿ ಒತ್ತಬೇಕು ಅನ್ನೋ ಸುಳಿವು ಅದು. ಮೊದಲ ಸಲ ತೋರಿಸುವಾಗ ಇರಲಿ ಬಿಡಿ. ಜನಕ್ಕೆ ತಾವಾಗಿ ದಾರಿ ಸಿಗುತ್ತಾ ಅಂತ ಪರೀಕ್ಷೆ ಮಾಡುವಾಗ ಆಫ್ ಮಾಡಿ, ಇಲ್ಲದಿದ್ದರೆ ಕಾಪಿ ಹೊಡೆಸಿ ಪಾಸ್ ಮಾಡಿಸಿದ ಹಾಗೆ.

ಕನ್ನಡದಲ್ಲಿ ಮಾಡ್ತೀರಾದರೆ ಒತ್ತಕ್ಷರ ನೋಡಿಕೊಳ್ಳಿ. ವಿಜಯಪುರದ ವ್ಯಾಪಾರಿಯೊಬ್ಬರಿಗೆ ಮಾಡಿದ ಪ್ರೋಟೋಟೈಪ್‌ನಲ್ಲಿ ಬಟನ್ ಮೇಲೆ ‘ಒಣದ್ರಾಕ್ಷಿ’ ಅಂತ ಇತ್ತು. ಬಟನ್ ಎತ್ತರ ಇಂಗ್ಲಿಷ್ ಅಕ್ಷರದ ಅಳತೆಗೆ ಬಿಗಿಯಾಗಿ ಇಟ್ಟಿದ್ದೆ, ಹೊರಗೆ ಹೋದದ್ದನ್ನು ಕತ್ತರಿಸು ಅನ್ನುವ ಗುರುತೂ ಹಾಕಿತ್ತು. ದ ಕೆಳಗಿನ ರ ಒತ್ತು ಹೋಯ್ತು, ಕ ಕೆಳಗಿನ ಷ ಒತ್ತೂ ಹೋಯ್ತು. ಅವರು ಫೋನ್ ಕಣ್ಣಿನ ಹತ್ತಿರ ಹಿಡಿದು ಓದಿದರು: “ಒಣ... ದಾಕಿ? ಒಣದಾಕಿ ಅಂದ್ರ ಏನ್ರೀ?” ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ, ಏನಿರಬೇಕು ಅಂತ ಗೊತ್ತಿದ್ದವನಿಗೆ ಕಣ್ಣು ಅದನ್ನೇ ಓದಿಬಿಡುತ್ತೆ. ಸಾಲಿನ ಎತ್ತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಇಡಿ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಥರದ ಗೂಗಲ್ ಫಾಂಟ್ ಬಳಸಿದರೆ ಜೊತೆಯವರ ಕಂಪ್ಯೂಟರ್‌ನಲ್ಲೂ ತಾನಾಗಿ ಸಿಗುತ್ತೆ. ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಇರುವ ಫಾಂಟ್ ಹಾಕಿದರೆ ನೋಡುವವರಿಗೇನೋ ಸರಿಯಾಗೇ ಕಾಣುತ್ತೆ, ಆದರೆ ಒಂದು ಅಕ್ಷರ ತಿದ್ದಲು ಹೋದ ಜೊತೆಗಾರ ಅಲ್ಲೇ ಸಿಕ್ಕಿಹಾಕಿಕೊಳ್ತಾನೆ.

ಅಭಿಪ್ರಾಯ ತಗೊಳ್ಳೋದು. ಫಿಗ್ಮಾದಲ್ಲಿ ಪುಟದ ಮೇಲೇ ಕಾಮೆಂಟ್ ಅಂಟಿಸಬಹುದು, ಆದರೆ ಅದಕ್ಕೆ ಲಾಗಿನ್ ಆಗಬೇಕು. ನಮ್ಮ ಕ್ಲೈಂಟ್‌ಗಳ ಕೈಲಿ ಅದು ಆಗಲ್ಲ. ಒಂದು ಕೆಲಸದಲ್ಲಿ ಹಟ ಹಿಡಿದು ಖಾತೆ ಮಾಡಿಸಿದೆ, ಪಾಸ್‌ವರ್ಡ್ ಮರೆತದ್ದಕ್ಕೆ ಬಂದ ಕರೆಗಳು ಡಿಸೈನ್ ಬಗ್ಗೆ ಬಂದ ಕರೆಗಳಿಗಿಂತ ಜಾಸ್ತಿ. ಈಗ ತೋರಿಸುವ ಫೈಲ್‌ನ ಪ್ರತಿ ಪುಟದ ಮೂಲೆಯಲ್ಲಿ ಹಳದಿ ಚೀಟಿ ಥರ ಒಂದು ನಂಬರ್ ಹಾಕ್ತೀನಿ. ಅವರು ವಾಯ್ಸ್ ನೋಟ್‌ನಲ್ಲಿ ‘ಏಳನೇದರಾಗ ರೇಟ್ ದೊಡ್ಡದ ಮಾಡ್ರಿ, ಒಂಬತ್ತು ಬ್ಯಾಡs ಬ್ಯಾಡ’ ಅಂತ ಹೇಳಿದರೆ ಸಾಕು. ಅದನ್ನು ಕೇಳಿ ಕೆಲಸದ ಫೈಲ್‌ನಲ್ಲಿ ನಾನೇ ಕಾಮೆಂಟ್ ಆಗಿ ಬರ್ಕೋತೀನಿ, ಆದ ಮೇಲೆ ರಿಸಾಲ್ವ್ ಒತ್ತಿ ಮುಚ್ತೀನಿ.

ಜೊತೆ ಕೆಲಸ ಮಾಡುವವರ ಲೆಕ್ಕ ಪೂರ್ತಿ ತಿರುಗುಮುರುಗು. ಅವರಿಗೆ ಕೆಲಸದ ಫೈಲನ್ನೇ ಕೊಡಿ, ಕಿಟಕಿ ತೆರೆದೇ ಇರಲಿ. ನನ್ನ ಡೆವಲಪರ್ ಬೆಳಗಾವಿ ಟಿಳಕವಾಡಿಯಲ್ಲಿರೋದು, ನಾವಿಬ್ಬರೂ ಮುಖ ನೋಡೋದು ವರ್ಷಕ್ಕೆ ಎರಡು ಸಲ. ಫೋನ್ ಕಿವಿಗಿಟ್ಟುಕೊಂಡು ಒಂದೇ ಫೈಲ್ ತೆರೆದರೆ ಅವನ ಕರ್ಸರ್ ಹೆಸರು ಸಮೇತ ನನ್ನ ಸ್ಕ್ರೀನ್ ಮೇಲೆ ಓಡಾಡುತ್ತೆ, ‘ಇಲ್ಲೆ ನೋಡಪಾ, ಇದು’ ಅಂದರೆ ಮುಗೀತು. ಪ್ರೋಟೋಟೈಪ್ ಲಿಂಕ್ ಅಷ್ಟೇ ಕೊಟ್ಟರೆ ಅವನಿಗೆ ಅಳತೆ, ಬಣ್ಣದ ಸಂಖ್ಯೆ ಸಿಗಲ್ಲ, ಕಣ್ಣಂದಾಜಿನಲ್ಲಿ ಕಟ್ತಾನೆ. ಪ್ರೋಟೋಟೈಪ್‌ನಲ್ಲಿ ನಾವು ಒಳ್ಳೇ ದಿನವನ್ನಷ್ಟೇ ತೋರಿಸೋದು. ನೆಟ್ ಹೋದರೆ ಏನು ಕಾಣಬೇಕು, ಪಟ್ಟಿ ಖಾಲಿ ಇದ್ದರೆ ಏನು, ಗಿರಾಕಿಯ ಹೆಸರು ಮೂರು ಸಾಲು ಇದ್ದರೆ ಏನು ಅನ್ನುವ ಪುಟಗಳನ್ನು ಕ್ಲೈಂಟ್‌ಗೆ ತೋರಿಸದಿದ್ದರೂ ಡೆವಲಪರ್‌ಗೆ ಮಾಡಿಕೊಡಿ. ಇಲ್ಲವಾದರೆ ಅದನ್ನು ಅವನೇ ರಾತ್ರಿ ಹನ್ನೊಂದಕ್ಕೆ ತನಗೆ ತೋಚಿದ ಹಾಗೆ ಡಿಸೈನ್ ಮಾಡ್ತಾನೆ.

ಇನ್ನೊಂದು, ಆಫೀಸ್ ಕಂಪ್ಯೂಟರ್‌ನಲ್ಲಿ ತೋರಿಸಬೇಕಾಗಿ ಬಂದರೆ ನಿಮ್ಮ ಲ್ಯಾಪ್‌ಟಾಪ್ ಒಯ್ಯಿರಿ. ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಐದು ಜನರನ್ನು ಕೂರಿಸಿಕೊಂಡು ಅವರದೇ ಕಂಪ್ಯೂಟರ್‌ನಲ್ಲಿ ಲಿಂಕ್ ತೆರೆದೆ, ಬಿಳಿ ಪರದೆ ಬಿಟ್ಟು ಏನೂ ಬರಲಿಲ್ಲ. ಫಿಗ್ಮಾ ಬ್ರೌಸರ್‌ನ ಒಳಗಿರುವ ವೆಬ್‌ಜಿಎಲ್ ಅನ್ನುವ ಗ್ರಾಫಿಕ್ಸ್ ಸೌಲಭ್ಯದ ಮೇಲೆ ಚಿತ್ರ ಬಿಡಿಸುತ್ತೆ, ಅವರ ಬ್ರೌಸರ್ ಅಪ್‌ಡೇಟ್ ಕಾಣದೆ ವರ್ಷಗಳೇ ಆಗಿದ್ದವು.

ದುಡ್ಡಿನ ವಿಷಯ. ನಾನು ಅರ್ಧ ಮೊದಲೇ ತಗೋತೀನಿ, ಮೊದಲ ಲಿಂಕ್ ಹೋಗುವ ಮುಂಚೆ. ‘ಒಪ್ಪಿಗೆ’ ಬಂದ ದಿನ ಆ ವಾಟ್ಸಾಪ್ ಸಂದೇಶದ ಸ್ಕ್ರೀನ್‌ಶಾಟ್ ತೆಗೆದು, ವರ್ಷನ್ ಹಿಸ್ಟರಿಯಲ್ಲಿ (ಫೈಲ್‌ನ ಹಳೇ ರೂಪಗಳ ಪಟ್ಟಿ) ‘ಒಪ್ಪಿದ್ದು’ ಅಂತ ತಾರೀಖು ಸಮೇತ ಹೆಸರಿಟ್ಟು ಉಳಿಸ್ತೀನಿ, ತೋರಿಸುವ ಫೈಲ್‌ನ ಒಂದು ಪ್ರತಿಯನ್ನು ಕಂಪ್ಯೂಟರ್‌ಗೂ ಇಳಿಸ್ಕೋತೀನಿ. ಪುಕ್ಕಟೆ ಪ್ಲಾನ್‌ನಲ್ಲಿ ಹಿಸ್ಟರಿ 30 ದಿನದ್ದಷ್ಟೇ, ಅದನ್ನೇ ನಂಬಿ ಕೂರಬೇಡಿ. ಬಾಕಿ ಅರ್ಧ ಬರದೆ ‘ನಾಳೆ, ನಾಡಿದ್ದು’ ಶುರುವಾದರೆ ಜಗಳಕ್ಕೆ ಹೋಗಲ್ಲ. ಶೇರ್ ಒತ್ತಿ, ‘ಆಹ್ವಾನ ಇದ್ದವರು ಮಾತ್ರ’ ಅಂತ ಬದಲಿಸ್ತೀನಿ. ಲಿಂಕ್ ತೆರೆಯಲ್ಲ ಅಂತ ಅವರದೇ ಫೋನ್ ಬರುತ್ತೆ.