ಕಂತು ತಪ್ಪಿಲ್ಲ, ಆದರೆ ಸಂಸಾರ ತೂಗಿಸುವುದು ಹೇಗೆ?

ಪ್ರಶ್ನೆ: ಹಲವು ಸಾಲಗಳನ್ನು ಒಟ್ಟುಗೂಡಿಸಿ, ತಿಂಗಳಿಗೆ ಒಂದೇ ಕಂತಿನಂತೆ ಐದು ವರ್ಷಗಳಲ್ಲಿ ತೀರಿಸುವ ಅಧಿಕೃತ ಮರುಪಾವತಿ ಯೋಜನೆಗೆ ನಾನೂ ನನ್ನ ಪತಿಯೂ ಕಳೆದ ವರ್ಷ ಸಹಿ ಹಾಕಿದ್ದೇವೆ. ಒಂದು ಕಂತೂ ತಪ್ಪಿಲ್ಲ. ಆದರೆ ಆಗಾಗ ಶಾಲಾ ಶುಲ್ಕವೋ ವಿಮೆಯ ಪ್ರೀಮಿಯಮ್ಮೋ ವಾಹನದ ದುರಸ್ತಿಯೋ ಬಂದು ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಬಂಧುಗಳಲ್ಲಿ ಕೈಸಾಲ ಕೇಳಬಹುದೇ?

ಉತ್ತರ: ಕೈಸಾಲ ಬೇಡ. ಯೋಜನೆ ನಡೆಯುತ್ತಿರುವಾಗ ಅನುಮತಿಯಿಲ್ಲದೆ ಹೊಸ ಸಾಲ ಮಾಡಕೂಡದೆಂಬ ಷರತ್ತು ಇಂಥ ಬಹುತೇಕ ಒಪ್ಪಂದಗಳಲ್ಲಿ ಇರುತ್ತದೆ. ಅದಲ್ಲದೆ, ಬಂಧುಗಳಿಗೆ ಹಿಂದಿರುಗಿಸಬೇಕಾದ ಹಣಕ್ಕೆ ನಿಮ್ಮ ಮನೆಯ ಲೆಕ್ಕದಲ್ಲಿ ಜಾಗವೇ ಇರುವುದಿಲ್ಲ.

ಐದು ವರ್ಷದ ಕಂತನ್ನು ತಪ್ಪದೆ ಕಟ್ಟುತ್ತಿರುವ ನಿಮ್ಮ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ತೊಡಕು ಬಹುಶಃ ಯೋಜನೆಗೆ ಮೊದಲು ಬರೆದುಕೊಟ್ಟ ಖರ್ಚಿನ ಪಟ್ಟಿಯಲ್ಲಿದೆ. ಆಗ ಅನೇಕರು ಪ್ರತಿ ತಿಂಗಳ ಖರ್ಚನ್ನಷ್ಟೇ ಬರೆದು, ವರ್ಷಕ್ಕೊಮ್ಮೆ ಬರುವುದನ್ನು ಮರೆಯುತ್ತಾರೆ. ಕೈಯಲ್ಲಿ ಉಳಿಯುವ ಹಣ ಹೆಚ್ಚೆಂದು ಕಾಣುವುದರಿಂದ ಕಂತು ಕೂಡ ಹೆಚ್ಚಾಗಿಯೇ ನಿಗದಿಯಾಗುತ್ತದೆ.

ಕಳೆದ 12 ತಿಂಗಳ ಬ್ಯಾಂಕ್ ಖಾತೆಯ ವಿವರವನ್ನು ಮುಂದಿಟ್ಟುಕೊಂಡು, ಇಬ್ಬರೂ ಜೊತೆಯಲ್ಲಿ ಕುಳಿತು, ವರ್ಷಕ್ಕೆ ಒಂದೆರಡು ಸಲ ಮಾತ್ರ ಬಂದ ಖರ್ಚುಗಳನ್ನೆಲ್ಲ ಹೆಕ್ಕಿ ಕೂಡಿಸಿ, 12ರಿಂದ ಭಾಗಿಸಿ, ಅಷ್ಟು ಹಣವನ್ನು ಸಂಬಳ ಬಂದ ದಿನವೇ ಬೇರೊಂದು ಖಾತೆಗೆ ಹಾಕಿಡಿ. ಮೊದಲ ವರ್ಷ ಮಾತ್ರ ಕಷ್ಟ: ಇನ್ನು ನಾಲ್ಕು ತಿಂಗಳಲ್ಲಿ ಕಟ್ಟಬೇಕಾದ ಶುಲ್ಕವನ್ನು ನಾಲ್ಕರಿಂದಲೇ ಭಾಗಿಸಬೇಕಾಗುತ್ತದೆ. ಈ ಖಾತೆಯ ವಿಷಯ ಯೋಜನೆಯ ನಿರ್ವಾಹಕರಿಗೆ ತಿಳಿದಿರಲಿ. ನೀವು ಸಾಲ ಪಡೆದ ಬ್ಯಾಂಕಿನಲ್ಲಿ ಅದು ಇರದಿರುವುದು ಒಳ್ಳೆಯದು, ಏಕೆಂದರೆ ಅನೇಕ ಕಡೆ ಗ್ರಾಹಕರ ಖಾತೆಯ ಹಣವನ್ನು ಬಾಕಿಗೆ ಮುರಿದುಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ.

ದಿನಸಿಯ ಲೆಕ್ಕವನ್ನೂ ಒಮ್ಮೆ ಪರೀಕ್ಷಿಸಿ. ವಾರದ ಖರ್ಚನ್ನು ನಾಲ್ಕರಿಂದ ಗುಣಿಸಿ ತಿಂಗಳಿಗೆ ಇಷ್ಟು ಎಂದುಕೊಂಡರೆ ವರ್ಷದಲ್ಲಿ 48 ವಾರಗಳಿಗಷ್ಟೇ ಹಣ ತೆಗೆದಿಟ್ಟಂತಾಗುತ್ತದೆ. ಇರುವುದು 52 ವಾರ. 52ರಿಂದ ಗುಣಿಸಿ 12ರಿಂದ ಭಾಗಿಸುವುದೇ ಸರಿಯಾದ ಕ್ರಮ. ಏನನ್ನೂ ದುಂದು ಮಾಡದ ಮನೆಯಲ್ಲೂ ಹಣ ಸಾಲದೆ ಬರುವುದಕ್ಕೆ ಎಷ್ಟೋ ಸಲ ಇದೊಂದೇ ಕಾರಣವಾಗಿರುತ್ತದೆ.

ಹೊಸ ಪಟ್ಟಿಯ ಪ್ರಕಾರ ಈಗಿನ ಕಂತು ಹೊರಲಾರದಷ್ಟು ಎಂದಾದರೆ, ಕಂತು ತಪ್ಪುವ ಮೊದಲೇ, ರಸೀದಿಗಳ ಸಮೇತ ನಿರ್ವಾಹಕರಿಗೆ ಲಿಖಿತವಾಗಿ ತಿಳಿಸಿ ಮರುಪರಿಶೀಲನೆ ಕೇಳಿ. ಕಂತು ಇಳಿಸುವುದು, ಅವಧಿ ಹೆಚ್ಚಿಸುವುದು, ಒಮ್ಮೊಮ್ಮೆ ಕೆಲಕಾಲ ಬಿಡುವು ಕೊಡುವುದು ಸಾಧ್ಯವಿರುತ್ತದೆ. ಅವಧಿ ಹೆಚ್ಚಿಸಲು ಒಪ್ಪುವ ಮುನ್ನ ಬಡ್ಡಿ ನಿಂತಿದೆಯೇ ಎಂದು ಕೇಳಿ ತಿಳಿಯಿರಿ, ನಿಲ್ಲದಿದ್ದರೆ ಒಟ್ಟು ಕಟ್ಟುವ ಹಣ ಹೆಚ್ಚುತ್ತದೆ.

ಪ್ರಶ್ನೆ: ನಾನೂ ಇಂಥದೇ ಯೋಜನೆಯಲ್ಲಿದ್ದೇನೆ. ಕಚೇರಿಯಿಂದ ಬೋನಸ್ ಬಂದಿದೆ. ಬಹಳ ಪೀಡಿಸುತ್ತಿದ್ದ ಒಬ್ಬ ಸಾಲದಾತರ ಬಾಕಿಯನ್ನು ಅದರಿಂದ ನೇರವಾಗಿ ತೀರಿಸಿಬಿಡಲೇ?

ಉತ್ತರ: ಆ ಒತ್ತಡದಿಂದ ಬಿಡುಗಡೆ ಬೇಕೆನ್ನಿಸುವುದು ಸಹಜ, ಆದರೂ ಹಾಗೆ ಮಾಡಬೇಡಿ. ಸಾಲದಾತರೆಲ್ಲರಿಗೂ ಬಾಕಿಗೆ ತಕ್ಕ ಪಾಲು ಸಿಗುತ್ತದೆಂಬ ನಂಬಿಕೆಯ ಮೇಲೆಯೇ ಇಂಥ ಯೋಜನೆ ನಿಂತಿರುತ್ತದೆ. ಒಬ್ಬರಿಗೆ ಪ್ರತ್ಯೇಕವಾಗಿ ಕೊಟ್ಟರೆ ಉಳಿದವರು ಆಕ್ಷೇಪಿಸಬಹುದು, ಯೋಜನೆಯೇ ರದ್ದಾಗಲೂಬಹುದು. ಹೆಚ್ಚುವರಿ ಆದಾಯವನ್ನು ತಿಳಿಸಲೇಬೇಕೆಂಬ ಷರತ್ತು ನಿಮ್ಮ ಒಪ್ಪಂದದಲ್ಲಿ ಇದೆಯೇ ಎಂದು ನೋಡಿ. ಇದ್ದರೆ ಬೋನಸ್ ಮುಟ್ಟದೆ ಹಾಗೆಯೇ ಇಟ್ಟು ನಿರ್ವಾಹಕರಿಗೆ ಬರೆಯಿರಿ. ಮುಂದೂಡಿದ ಚಿಕಿತ್ಸೆಯೋ ಮನೆಯ ದುರಸ್ತಿಯೋ ಇದ್ದರೆ ಅದರ ಅಂದಾಜು ವೆಚ್ಚವನ್ನು ಲಗತ್ತಿಸಿ, ಅಷ್ಟನ್ನು ಮನೆಗೆ ಉಳಿಸಿಕೊಳ್ಳಲು ಅನುಮತಿ ಕೇಳಿ. ಪೀಡಿಸುತ್ತಿರುವ ಸಾಲದಾತರ ಕರೆಗಳ ದಿನಾಂಕಗಳನ್ನೂ ಅದೇ ಪತ್ರದಲ್ಲಿ ಬರೆದರೆ, ಅವರೊಡನೆ ಮಾತನಾಡಲು ನಿರ್ವಾಹಕರಿಗೆ ಆಧಾರ ಸಿಗುತ್ತದೆ.