ಸರ್ವೆ ಫಾರಂಗಿಂತ ಮೊದಲು ಬಡಿಸಲು ನಿಲ್ಲಿ

ಕಾರವಾರದಲ್ಲಿ ಡಿಗ್ರಿ ಓದುತ್ತಿರುವ ನೀವು, ಸಹಪಾಠಿಗಳ ಹಸಿವಿನ ಬಗ್ಗೆ ಎನ್‌ಎಸ್‌ಎಸ್ ಪ್ರಾಜೆಕ್ಟ್ ಮಾಡಲು ಸರ್ವೆ ಫಾರಂ ಸಾಕಾ ಎಂದು ಕೇಳಿದ್ದೀರಿ. ಸಾಲದು. 'ಊಟ ಆಯ್ತಾ?' ಅಂದರೆ ಎಲ್ಲರೂ 'ಹೂಂ' ಅಂತಲೇ ಬರೆಯುತ್ತಾರೆ. ಹಸಿದಿದ್ದೇನೆ ಅಂತ ಹೇಳಿಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ ಅಲ್ವಾ.

ಯಾವುದಾದರೂ ಹಾಸ್ಟೆಲ್ಲಿನಲ್ಲಿ ಒಂದಿಷ್ಟು ದಿನ ಬಡಿಸಲು ನಿಲ್ಲಿ. ಶಿರಸಿಯಲ್ಲಿ ಹಾಗೆ ಬಡಿಸುತ್ತಿದ್ದಾಗಲೇ ನನಗೆ ಗೊತ್ತಾಗಿದ್ದು, ಸೋಮವಾರ ಅನ್ನದ ಪಾತ್ರೆ ಬೇಗ ತಳ ಕಾಣುತ್ತದೆ ಎಂದು. ಊರಿಂದ ಮೊದಲ ಬಸ್ಸಿಗೆ ಹೊರಟವರು ಬರೀ ಚಾ ಕುಡಿದು ಬಂದಿರುತ್ತಾರೆ. ಒಬ್ಬ ಹುಡುಗ ಎರಡನೇ ಸಲ ಅನ್ನ ಕೇಳುವ ಮುಂಚೆ ಸಾಲಿನ ಕೊನೆಯವರೆಗೂ ಕಣ್ಣು ಹಾಯಿಸುತ್ತಿದ್ದ, ಉಳಿದವರಿಗೆ ಸಾಕಾಗುತ್ತದೋ ಇಲ್ಲವೋ ಎಂದು. ಇದು ಯಾವ ಫಾರಂನಲ್ಲೂ ಸಿಗುವುದಿಲ್ಲ.

ಅಕ್ಷರ ದಾಸೋಹದ ಬಿಸಿಯೂಟ ಇರುವುದು ಶಾಲೆಯ ಮಕ್ಕಳಿಗೆ, ಡಿಗ್ರಿಯವರಿಗೆ ಅದಿಲ್ಲ. ಜೊತೆಗೆ ನಿಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿನಲ್ಲಿ ದುಡಿಯುವವರ ಮನೆಗೆ ದುಡ್ಡು ಬರುವುದು ನಿಲ್ಲುತ್ತದೆ. ಕಾಲೇಜಿನ ಫೀಸೂ ಹೆಚ್ಚುಕಮ್ಮಿ ಆಗಲೇ ಕಟ್ಟಬೇಕು. ಆ ಎರಡು ತಿಂಗಳನ್ನು ಪ್ರಾಜೆಕ್ಟಿನಲ್ಲಿ ಬಿಡಲೇಬೇಡಿ.

ಬಡಿಸುವಾಗ ಫೋಟೋ ಮಾತ್ರ ತೆಗೆಯಬೇಡಿ. ಉಣ್ಣಲು ಕೂತವರು ನಿಮ್ಮದೇ ಕ್ಲಾಸಿನವರು.